ವೈನ್ ದ್ರಾಕ್ಷಿಯ ಲೆಕ್ಕ: ತಳಿ, ನೆಲ ಮತ್ತು ರಾತ್ರಿಯ ತಂಪು

ಕುಷ್ಟಗಿ, ಕೊಪ್ಪಳ ಕಡೆ ದ್ರಾಕ್ಷಿ ರೇಟು ಬಿದ್ದಾಗಲೆಲ್ಲ ಒಂದು ಮಾತು ಕೇಳಿಬರುತ್ತದೆ: "ಮಾರ್ಕೆಟ್ಟಿಗೆ ಒಯ್ದು ಲಾಸ್ ಮಾಡ್ಕೊಳ್ಳೋದ್ಯಾಕ, ವೈನ್ ಕಂಪನಿಗೆ ಹಾಕಿಬಿಡ್ರಿ." ಕೇಳಲು ಸರಿ ಅನ್ನಿಸುತ್ತದೆ. ವೈನ್ ಆಗುವುದು ದ್ರಾಕ್ಷಿಯಿಂದಲೇ ಅಲ್ವಾ? ಆದರೆ ನಮ್ಮ ಚಪ್ಪರಗಳಲ್ಲಿ ಜೋತು ಬಿದ್ದಿರುವ ಥಾಮ್ಸನ್, ಸೋನಾಕಾ, ಮಾಣಿಕ್ ಚಮನ್, ಶರದ್ ಎಲ್ಲವೂ ತಿನ್ನುವ ದ್ರಾಕ್ಷಿ. ಅವುಗಳಿಂದ ವೈನ್ ಆಗುವುದೇ ಇಲ್ಲ ಅಂತಲ್ಲ, ಆಗುತ್ತದೆ. ನೀರು ನೀರಾದ, ನೆನಪಿನಲ್ಲಿ ಉಳಿಯದ ವೈನ್ ಆಗುತ್ತದೆ.

ಒಂದು ಥಾಮ್ಸನ್ ಕಾಳನ್ನೂ ವೈನಿಗೆಂದೇ ಬೆಳೆಯುವ ಕ್ಯಾಬರ್ನೆ ಸೊವಿನ್ಯಾನ್ ತಳಿಯ ಒಂದು ಕಾಳನ್ನೂ ಅಂಗೈ ಮೇಲೆ ಇಟ್ಟು ನೋಡಿದರೆ ಅರ್ಧ ವಿಷಯ ಅಲ್ಲೇ ತಿಳಿಯುತ್ತದೆ. ಥಾಮ್ಸನ್ ಉದ್ದಗೆ, ಹಸಿರು-ಹಳದಿ, ಸಿಪ್ಪೆ ತೆಳು, ಬೀಜ ಇಲ್ಲ. ಜಿಎ (ಜಿಬ್ಬರೆಲಿಕ್ ಆಮ್ಲ) ಹೊಡೆದು, ಗೊನೆ ಅದ್ದಿ, ಕಾಳನ್ನು ಹಿಗ್ಗಿಸಿರುತ್ತಾರೆ. ಕ್ಯಾಬರ್ನೆ ಅದರ ಅರ್ಧದಷ್ಟೂ ಇರುವುದಿಲ್ಲ. ದುಂಡಗೆ, ಕಪ್ಪು-ನೀಲಿ. ಬಾಯಿಗೆ ಹಾಕಿಕೊಂಡರೆ ಮೊದಲು ಸಿಕ್ಕಾಪಟ್ಟೆ ಸಿಹಿ, ಹಿಂದೆಯೇ ಹುಳಿ. ಸಿಪ್ಪೆ ಅಗಿಯುತ್ತ ಹೋದರೆ ನಾಲಿಗೆ ಒಣಗಿ ಒಗರು ಹಿಡಿಯುತ್ತದೆ. ಬೀಜ ಹಲ್ಲಿಗೆ ಸಿಗುತ್ತವೆ. ಮಕ್ಕಳಿಗೆ ಕೊಟ್ಟರೆ ಉಗುಳುತ್ತಾರೆ. ವೈನಿಗೆ ಬೇಕಿರುವುದು ಆ ಒಗರು, ಆ ಹುಳಿ, ಆ ದಪ್ಪ ಸಿಪ್ಪೆಯೇ.

ಯಾಕೆಂದರೆ ಕೆಂಪು ವೈನಿನ ಬಣ್ಣ ರಸದಿಂದ ಬರುವುದಿಲ್ಲ. ಕಪ್ಪು ದ್ರಾಕ್ಷಿಯನ್ನು ಹಿಂಡಿದರೂ ರಸ ಹೆಚ್ಚುಕಡಿಮೆ ಬಿಳಿಯೇ. ಹಿಂಡಿದ ತಕ್ಷಣ ಸಿಪ್ಪೆ ತೆಗೆದುಬಿಟ್ಟರೆ ಕಪ್ಪು ಹಣ್ಣಿನಿಂದಲೂ ಬಿಳಿ ವೈನ್ ಮಾಡಬಹುದು. ಫ್ರಾನ್ಸಿನ ಶಾಂಪೇನ್‌ನಲ್ಲಿ ಪಿನೋ ನುವಾರ್ ಎಂಬ ಕಪ್ಪು ದ್ರಾಕ್ಷಿಯಿಂದ ಮಾಡುವುದು ಇದನ್ನೇ. ಸಿಪ್ಪೆ, ಬೀಜ ಸಮೇತ ಹುದುಗಲು ಬಿಟ್ಟರೆ ಬಣ್ಣ, ಒಗರು, ವಾಸನೆ ಮೂರೂ ಇಳಿಯುತ್ತವೆ. ಕಾಳು ಸಣ್ಣದಾದಷ್ಟೂ ರಸಕ್ಕೆ ಹೋಲಿಸಿದರೆ ಸಿಪ್ಪೆ ಜಾಸ್ತಿ. ಜಿಎ ಹೊಡೆದು ಹಿಗ್ಗಿಸಿದ ಕಾಳಿನಲ್ಲಿ ಇದು ಉಲ್ಟಾ.

ಸಕ್ಕರೆಯದೂ ಒಂದು ಲೆಕ್ಕ ಇದೆ. ತಿನ್ನುವ ದ್ರಾಕ್ಷಿಯನ್ನು ನಮ್ಮಲ್ಲಿ 16ರಿಂದ 18 ಬ್ರಿಕ್ಸ್ ಬಂದಾಗ ಕೊಯ್ಯುತ್ತಾರೆ. ಬ್ರಿಕ್ಸ್ ಅಂದರೆ 100 ಗ್ರಾಂ ರಸದಲ್ಲಿ ಹೆಚ್ಚುಕಡಿಮೆ ಅಷ್ಟು ಗ್ರಾಂ ಸಕ್ಕರೆ. ಒಂದು ಲೀಟರ್ ರಸದಲ್ಲಿ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇ 1ರಷ್ಟು ಆಲ್ಕೋಹಾಲ್ ಆಗುತ್ತದೆ. ಹಾಗಾಗಿ 17 ಬ್ರಿಕ್ಸ್ ಹಣ್ಣಿನಿಂದ ಶೇ 9-10ರ ವೈನ್ ಬರುತ್ತದೆ. ಕೆಂಪು ವೈನಿಗೆ ಶೇ 13ರ ಆಸುಪಾಸು ಬೇಕು, ಅಂದರೆ 23-24 ಬ್ರಿಕ್ಸ್. ಅಷ್ಟು ಸಕ್ಕರೆ ತುಂಬಬೇಕಾದರೆ ಬಳ್ಳಿಯ ಮೇಲೆ ಗೊನೆ ಕಡಿಮೆ ಇರಬೇಕು. ಎಕರೆಗೆ 10-12 ಟನ್ ತೆಗೆಯುವವರಿಗೆ ವೈನ್ ದ್ರಾಕ್ಷಿಯ 4-5 ಟನ್ ಇಳುವರಿ ನೋಡಿದರೆ ನಗು ಬರಬಹುದು. ಆದರೆ ಅದು ಬೇಕಂತಲೇ ಇಳಿಸಿದ ಇಳುವರಿ.

ಇನ್ನು ತಳಿ. ಫ್ರಾನ್ಸಿನ ಬೋರ್ಡೋದಲ್ಲಿರುವ ಕ್ಯಾಬರ್ನೆಯೂ ನಾಶಿಕದಲ್ಲಿರುವ ಕ್ಯಾಬರ್ನೆಯೂ ಮೂಲದಲ್ಲಿ ಒಂದೇ ಗಿಡ. ದ್ರಾಕ್ಷಿಯನ್ನು ಬೀಜ ಹಾಕಿ ಬೆಳೆಸುವುದಿಲ್ಲ, ಬೀಜದಿಂದ ಬಂದ ಗಿಡ ತಾಯಿಯ ಹಾಗೆ ಇರುವುದಿಲ್ಲ. ಕಡ್ಡಿ ನೆಟ್ಟು ಅಥವಾ ಕಸಿ ಮಾಡಿ ಬೆಳೆಸುತ್ತಾರೆ. ಹಾಗಾಗಿ ಎಂದೋ ಒಂದು ಕಾಲಕ್ಕೆ ಹುಟ್ಟಿದ ಒಂದು ಬಳ್ಳಿಯೇ ಕಡ್ಡಿಯಿಂದ ಕಡ್ಡಿಗೆ ದಾಟಿ ಭೂಮಿ ತುಂಬ ಹಬ್ಬಿದೆ. 1997ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವರು ಡಿಎನ್‌ಎ ಪರೀಕ್ಷೆ ಮಾಡಿ ಕ್ಯಾಬರ್ನೆ ಸೊವಿನ್ಯಾನ್‌ನ ಅಪ್ಪ-ಅಮ್ಮನನ್ನು ಪತ್ತೆ ಹಚ್ಚಿದರು: ಕ್ಯಾಬರ್ನೆ ಫ್ರಾಂ ಎಂಬ ಕಪ್ಪು ದ್ರಾಕ್ಷಿ ಮತ್ತು ಸೊವಿನ್ಯಾನ್ ಬ್ಲಾಂ ಎಂಬ ಬಿಳಿ ದ್ರಾಕ್ಷಿ. ಯಾರೂ ಬೇಕಂತ ಮಾಡಿದ ಹೈಬ್ರಿಡ್ ಅಲ್ಲ, ತೋಟದಲ್ಲಿ ತಾನಾಗಿ ಪರಾಗ ಸೇರಿ ಹುಟ್ಟಿದ್ದು.

ಹೆಸರು ತಪ್ಪಿ ಹೋಗುವುದೂ ಉಂಟು. ಚಿಲಿ ದೇಶದವರು ತಮ್ಮ ತೋಟದ ಒಂದು ಬಳ್ಳಿಯನ್ನು ಬಹಳ ಕಾಲ ಮೆರ್ಲೋ ಎಂಬ ಬೋರ್ಡೋ ತಳಿ ಅಂತಲೇ ಮಾರಿದರು. 1994ರಲ್ಲಿ ಫ್ರಾನ್ಸಿನ ತಜ್ಞರೊಬ್ಬರು ಬಂದು ನೋಡಿ, ಇದು ಮೆರ್ಲೋ ಅಲ್ಲ, ಕಾರ್ಮೆನೇರ್ ಅಂದರು. ಕಾರ್ಮೆನೇರ್ ಬೋರ್ಡೋದಲ್ಲಿ ಹೆಚ್ಚುಕಡಿಮೆ ಕಾಣೆಯಾಗಿದ್ದ ತಳಿ. ಈಗ ಚಿಲಿಯವರಿಗೆ ಅದೇ ಹೆಮ್ಮೆ. ನರ್ಸರಿಯಿಂದ ಸಸಿ ತರುವ ರೈತರು ಈ ಕತೆ ನೆನಪಿಟ್ಟುಕೊಂಡರೆ ನಷ್ಟವಿಲ್ಲ.

ತಳಿ ಒಂದೇ ಆದರೂ ಫಲ ಒಂದೇ ಅಲ್ಲ. ಸಿರುಗುಪ್ಪ, ರಾಯಚೂರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬ್ಯಾಡಗಿ ಮೆಣಸಿನಕಾಯಿ ಬಣ್ಣಕ್ಕೆ, ಗುಂಟೂರು ಖಾರಕ್ಕೆ. ಅದು ತಳಿಯ ಗುಣ. ಆದರೆ ಅದೇ ಬ್ಯಾಡಗಿ ಬೀಜ ಎರೆ ಹೊಲದಲ್ಲಿ ಒಂದು ಥರ, ಕೆಂಪು ಮಸಾರಿಯಲ್ಲಿ ಇನ್ನೊಂದು ಥರ, ಮಳೆ ಹಿಡಿದ ವರ್ಷ ಮತ್ತೊಂದು ಥರ. ವ್ಯಾಪಾರಿ ಚೀಲಕ್ಕೆ ಕೈ ಹಾಕಿ ನೋಡಿ ರೇಟು ಕಟ್ಟುತ್ತಾನೆ. ವೈನ್ ದ್ರಾಕ್ಷಿಯಲ್ಲಿ ಈ ವ್ಯತ್ಯಾಸ ಇನ್ನೂ ಜಾಸ್ತಿ. ಅದಕ್ಕೆ ದೊಡ್ಡ ಕಾರಣ ಹುಳಿ.

ಹಣ್ಣು ಮಾಗುವಾಗ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಹಗಲು ಬಿಸಿಲಿಗೆ ಎಲೆ ಸಕ್ಕರೆ ಮಾಡಿ ಕಾಳಿಗೆ ಕಳಿಸುತ್ತದೆ, ಸಿಹಿ ಏರುತ್ತದೆ. ಅದೇ ಹೊತ್ತಿಗೆ ಹುಳಿ ಇಳಿಯುತ್ತ ಹೋಗುತ್ತದೆ. ದ್ರಾಕ್ಷಿಯಲ್ಲಿ ಮುಖ್ಯವಾಗಿ ಎರಡು ಹುಳಿ ಇವೆ. ಟಾರ್ಟಾರಿಕ್ ಆಮ್ಲ ಗಟ್ಟಿ, ಸುಲಭಕ್ಕೆ ಕರಗುವುದಿಲ್ಲ. ಮ್ಯಾಲಿಕ್ ಆಮ್ಲ ಹಾಗಲ್ಲ. ಕಾಳು ಉಸಿರಾಡುವಾಗ ಅದನ್ನೇ ಉರಿಸುತ್ತದೆ. ಸೆಕೆ ಹೆಚ್ಚಿದಷ್ಟೂ ಉಸಿರು ಜೋರು, ರಾತ್ರಿಯೂ ಸೆಕೆ ಇದ್ದರೆ ಇಪ್ಪತ್ನಾಲ್ಕು ಗಂಟೆಯೂ ಉರಿಯುತ್ತಲೇ ಇರುತ್ತದೆ. ಬಣ್ಣದ ಕತೆಯೂ ಹಾಗೇ. ರಾತ್ರಿ ತಂಪಾಗಿದ್ದರೆ ಸಿಪ್ಪೆಗೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ, ಸೆಕೆಗೆ ಮಂಕಾಗುತ್ತದೆ. ಇವೆರಡರ ಜೊತೆ ಬೀಜವೂ ಹಸಿರಿನಿಂದ ಕಂದು ಬಣ್ಣಕ್ಕೆ ತಿರುಗಬೇಕು, ಸಿಪ್ಪೆಯ ಒಗರು ಮೆತ್ತಗಾಗಬೇಕು. ಅದಕ್ಕೆ ಅದರದೇ ಸಮಯ ಬೇಕು.

ಬಿಸಿ ನಾಡಿನ ತೊಂದರೆ ಇಲ್ಲೇ ಇರುವುದು. ಸಕ್ಕರೆ ಓಡಿ ಬಂದು 24 ಮುಟ್ಟುತ್ತದೆ, ಹುಳಿ ಆಗಲೇ ಕುಸಿದಿರುತ್ತದೆ, ಬೀಜ ಮಾತ್ರ ಇನ್ನೂ ಹಸಿರು. ಕೊಯ್ದರೆ ಹಸಿ ಒಗರು, ಬಿಟ್ಟರೆ ಸಪ್ಪೆ. ತಣ್ಣನೆ ನಾಡಿನ ತೊಂದರೆ ಇದರ ತಿರುವು: ಹುಳಿ ಬೇಕಾದಷ್ಟು, ಚಳಿಗಾಲ ಬಂದರೂ ಸಕ್ಕರೆಯೇ ಏರುವುದಿಲ್ಲ. ಯಾವ ತಳಿ ಎಲ್ಲಿ ಹೆಸರು ಮಾಡಿತು ಅನ್ನುವುದನ್ನು ಈ ಕಣ್ಣಿನಿಂದ ನೋಡಿದರೆ ಉದ್ದುದ್ದ ಫ್ರೆಂಚ್ ಹೆಸರುಗಳಿಗೆ ಹೆದರಬೇಕಿಲ್ಲ.

ಜರ್ಮನಿಯ ಮೋಸೆಲ್ ನದಿ ಕಣಿವೆ 50 ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ ಇದೆ. ವೈನ್ ದ್ರಾಕ್ಷಿಗೆ ಅದು ಚಳಿಯ ಅಂಚು. ಅಲ್ಲಿ ಬೆಳೆಯುವುದು ರೀಸ್ಲಿಂಗ್ ಎಂಬ ಬಿಳಿ ತಳಿ. ನದಿಯ ದಂಡೆಯ ಕಡಿದಾದ ಇಳಿಜಾರುಗಳಲ್ಲಿ, ಸ್ಲೇಟ್ ಕಲ್ಲಿನ ಚೂರುಗಳ ನಡುವೆ ಬಳ್ಳಿ ಇರುತ್ತದೆ. ಕಲ್ಲು ಹಗಲು ಕಾದು ರಾತ್ರಿ ಶಾಖ ಬಿಡುತ್ತದೆ. ಅಷ್ಟಾದರೂ ಎಷ್ಟೋ ವೈನ್‌ಗಳಲ್ಲಿ ಆಲ್ಕೋಹಾಲ್ ಶೇ 8-9 ದಾಟುವುದಿಲ್ಲ. ಚುರುಕು ಹುಳಿಯೇ ಅದರ ಜೀವ. ಇದೇ ತಳಿಯನ್ನು ರಾಯಚೂರಿನ ಬಿಸಿಲಿಗೆ ತಂದು ನೆಟ್ಟರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ.

ಫ್ರಾನ್ಸಿನ ಬರ್ಗಂಡಿಯೂ ತಂಪು ಸೀಮೆ. ಪಿನೋ ನುವಾರ್ ಮತ್ತು ಶಾರ್ಡನೆ ಅಲ್ಲಿನವು. ಎರಡೂ ಬೇಗ ಮಾಗುತ್ತವೆ, ಚಳಿಗಾಲ ಬರುವ ಮೊದಲೇ ಕೊಯ್ಲಿಗೆ ಸಿಗುತ್ತವೆ. ಪಿನೋ ನುವಾರ್ ಸಿಪ್ಪೆ ತೆಳು, ಸೆಕೆಗೆ ಬಹಳ ನಾಜೂಕು. ಶಾರ್ಡನೆ ಹೊಂದಿಕೊಳ್ಳುವ ಪೈಕಿ, ಅದಕ್ಕೇ ಎಲ್ಲ ದೇಶದಲ್ಲೂ ಕಾಣುತ್ತದೆ.

ಬೋರ್ಡೋದಲ್ಲಿ ಒಂದೇ ಊರಿನ ಸೀಮೆಯೊಳಗೆ ನೆಲ ತಳಿಯನ್ನು ಹೇಗೆ ಆರಿಸುತ್ತದೆ ಅಂತ ಕಾಣಬಹುದು. ನದಿಯ ಎಡದಂಡೆಯ ಮೆಡೋಕ್‌ನಲ್ಲಿ ಗರಸು ನೆಲ. ಗರಸು ಬೇಗ ಕಾಯುತ್ತದೆ, ನೀರು ನಿಲ್ಲಿಸಿಕೊಳ್ಳುವುದಿಲ್ಲ. ತಡವಾಗಿ ಮಾಗುವ ಕ್ಯಾಬರ್ನೆ ಸೊವಿನ್ಯಾನ್‌ಗೆ ಆ ಶಾಖ ಬೇಕು. ಬಲದಂಡೆಯ ಪೊಮೆರೋಲ್, ಸಾಂತೆಮಿಲಿಯೋ ಕಡೆ ಜೇಡಿ ಜಾಸ್ತಿ. ಜೇಡಿ ನೆಲ ತಂಪು, ಕ್ಯಾಬರ್ನೆ ಅಲ್ಲಿ ಮಾಗಲು ಒದ್ದಾಡುತ್ತದೆ. ಹಾಗಾಗಿ ಬೇಗ ಮಾಗುವ ಮೆರ್ಲೋ ಅಲ್ಲಿ ಗೆದ್ದಿತು. ಎರೆ ಮತ್ತು ಮಸಾರಿ ಎರಡೂ ಇಟ್ಟುಕೊಂಡಿರುವ ನಮ್ಮ ರೈತರು ಯಾವ ಹೊಲಕ್ಕೆ ಕಡಲೆ, ಯಾವುದಕ್ಕೆ ಶೇಂಗಾ ಅಂತ ನೋಡುವುದೂ ಇದೇ ಲೆಕ್ಕ ತಾನೆ.

ಬಿಸಿಲು ನಾಡಿನ ತಳಿಗಳೂ ಇವೆ. ಫ್ರಾನ್ಸಿನ ರೋನ್ ಕಣಿವೆಯ ಸಿರಾ ಅಂಥದ್ದು. 1832ರಲ್ಲಿ ಜೇಮ್ಸ್ ಬಸ್ಬಿ ಎಂಬುವವರು ಯುರೋಪಿನಿಂದ ನೂರಾರು ಥರದ ಕಡ್ಡಿ ಕಟ್ಟಿಕೊಂಡು ಆಸ್ಟ್ರೇಲಿಯಾಕ್ಕೆ ಹೋದರು. ಅದರೊಳಗೆ ಇದೂ ಇತ್ತು. ಅಲ್ಲಿ ಇದರ ಹೆಸರು ಶಿರಾಜ್ ಆಯಿತು, ಬರೋಸಾ ಕಣಿವೆಯಲ್ಲಿ ಬೇರೂರಿತು. ಇಟಲಿಯ ಟಸ್ಕನಿಗೆ ಸಾಂಜಿಯೋವೇಸೆ, ಸ್ಪೇನಿನ ರಿಯೋಹಾಕ್ಕೆ ಟೆಂಪ್ರಾನಿಯೋ, ಪೋರ್ಚುಗಲ್ಲಿನ ಡೌರೋಗೆ ಟೂರಿಗಾ ನಾಸಿಯೋನಾಲ್. ಅರ್ಜೆಂಟೀನಾದ ಮೆಂಡೋಜಾ ಇನ್ನೊಂದು ದಾರಿ ಹಿಡಿಯಿತು: ಬಿಸಿಲು ಜೋರಿದ್ದರೂ ಆಂಡಿಸ್ ಬೆಟ್ಟದ ಬುಡದಲ್ಲಿ ಸುಮಾರು 1,000 ಮೀಟರ್ ಎತ್ತರದಲ್ಲಿ, ಕೆಲವು ಕಡೆ ಇನ್ನೂ ಮೇಲೆ ತೋಟ. ನೂರು ಮೀಟರ್ ಮೇಲೇರಿದರೆ ಅರ್ಧ ಡಿಗ್ರಿಗಿಂತ ತುಸು ಹೆಚ್ಚೇ ತಂಪು. ರಾತ್ರಿ ಚಳಿ ಹಿಡಿಯುತ್ತದೆ, ಹುಳಿ ಉಳಿಯುತ್ತದೆ. ಫ್ರಾನ್ಸಿನಲ್ಲಿ ಹಿಂದೆ ಬಿದ್ದಿದ್ದ ಮಾಲ್ಬೆಕ್ ಅಲ್ಲಿ ದೊರೆಯಾಯಿತು.

ಇಷ್ಟು ಹೇಳಿದ ಮೇಲೆ ಫ್ರಾನ್ಸಿನ ಲ್ವಾರ್ ಕಣಿವೆಯ ಶೆನಿನ್ ಬ್ಲಾಂ ಬಿಡುವಂತಿಲ್ಲ. ನಮ್ಮ ಮಟ್ಟಿಗೆ ಇದೇ ಎಲ್ಲಕ್ಕಿಂತ ಮುಖ್ಯ ಬಿಳಿ ತಳಿ ಅಂತ ನನ್ನ ಲೆಕ್ಕ. ಸೆಕೆಯಲ್ಲೂ ಹುಳಿ ಕಳೆದುಕೊಳ್ಳದಿರುವುದು ಇದರ ಗುಣ. ಈಗ ಫ್ರಾನ್ಸಿಗಿಂತ ದಕ್ಷಿಣ ಆಫ್ರಿಕಾದಲ್ಲೇ ಇದು ಜಾಸ್ತಿ. ನಾಶಿಕದಲ್ಲಿ ಸುಲಾ ವೈನರಿಯವರು ಮೊದಲು ಕೈ ಹಾಕಿದ್ದು ಶೆನಿನ್ ಬ್ಲಾಂ ಮತ್ತು ಸೊವಿನ್ಯಾನ್ ಬ್ಲಾಂ ತಳಿಗಳಿಗೆ, ಅವರ ಮೊದಲ ವೈನ್ ಮಾರುಕಟ್ಟೆಗೆ ಬಂದದ್ದು 2000ರಲ್ಲಿ. ಅದಕ್ಕೂ ಮೊದಲೇ, 1980ರ ದಶಕದ ಕೊನೆಯಲ್ಲಿ, ಗ್ರೋವರ್ ಕುಟುಂಬ ದೊಡ್ಡಬಳ್ಳಾಪುರದ ಹತ್ತಿರ ನಂದಿ ಬೆಟ್ಟದ ಬುಡದಲ್ಲಿ ಫ್ರೆಂಚ್ ತಳಿಗಳನ್ನು ನೆಟ್ಟಿತ್ತು.

ಪಠ್ಯಪುಸ್ತಕದ ಪ್ರಕಾರ ಭಾರತದಲ್ಲಿ ಇದೆಲ್ಲ ಬೆಳೆಯಲೇಬಾರದು. ವೈನ್ ದ್ರಾಕ್ಷಿಯ ಸೀಮೆ 30ರಿಂದ 50 ಡಿಗ್ರಿ ಅಕ್ಷಾಂಶ ಅಂತ ಹೇಳುತ್ತಾರೆ. ನಾಶಿಕ 20, ನಂದಿ 13, ನಮ್ಮ ಕೊಪ್ಪಳ 15. ತಂಪು ದೇಶದಲ್ಲಿ ಚಳಿಗಾಲಕ್ಕೆ ಎಲೆ ಉದುರಿ ಬಳ್ಳಿ ಮಲಗುತ್ತದೆ, ವಸಂತಕ್ಕೆ ಚಿಗುರುತ್ತದೆ. ಇಲ್ಲಿ ಮಲಗಿಸುವ ಚಳಿಯೇ ಇಲ್ಲ. ಬಿಟ್ಟರೆ ಬಳ್ಳಿ ವರ್ಷವಿಡೀ ಹಸಿರಾಗಿ ಹಬ್ಬುತ್ತಲೇ ಇರುತ್ತದೆ. ಬ್ರೆಜಿಲ್‌ನ ಸಾವೊ ಫ್ರಾನ್ಸಿಸ್ಕೊ ನದಿ ಕಣಿವೆ 9 ಡಿಗ್ರಿ ದಕ್ಷಿಣದಲ್ಲಿದೆ, ಅಲ್ಲಿ ನೀರು ಕೊಟ್ಟು ವರ್ಷಕ್ಕೆ ಎರಡು ಬೆಳೆ ತೆಗೆಯುತ್ತಾರೆ.

ನಮ್ಮ ಕಡೆಯವರು ಎರಡು ಸಲ ಚಾಟ್ನಿ (ಬಳ್ಳಿ ಸವರುವುದು) ಮಾಡಿ ಒಂದು ಬೆಳೆ ತೆಗೆಯುತ್ತಾರೆ. ಏಪ್ರಿಲ್ ಚಾಟ್ನಿಯಲ್ಲಿ ಹಳೆ ಕಡ್ಡಿಗಳನ್ನು ಒಂದೆರಡು ಕಣ್ಣು (ಚಿಗುರು ಒಡೆಯುವ ಮೊಗ್ಗು) ಮಾತ್ರ ಬಿಟ್ಟು ಕತ್ತರಿಸುವುದು. ಆಗ ಬರುವ ಹೊಸ ಕಡ್ಡಿಯ ಮೇಲೆ, ಬೇಸಿಗೆಯ ಬಿಸಿಲಿನಲ್ಲಿ, ಮುಂದಿನ ಗೊನೆ ಕಣ್ಣಿನೊಳಗೇ ಹುಟ್ಟುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಮಳೆಗಾಲ ಕಳೆಯಲು ಬಿಟ್ಟು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಮತ್ತೆ ಚಾಟ್ನಿ. ಈ ಸಲ ಕಡ್ಡಿಯ ತುದಿ ಮಾತ್ರ ಕತ್ತರಿಸಿ, ಉಳಿದ ಕಣ್ಣಿಗೆ ಪೇಸ್ಟ್ ಹಚ್ಚುತ್ತಾರೆ. ಹೈಡ್ರೋಜನ್ ಸೈನಮೈಡ್ ಇರುವ ಆ ಪೇಸ್ಟ್ ಕಣ್ಣುಗಳನ್ನೆಲ್ಲ ಒಟ್ಟಿಗೆ ಒಡೆಸುತ್ತದೆ. ವಿಷದ ಮಾಲು, ಬರಿಗೈಯಲ್ಲಿ ಮುಟ್ಟಬಾರದು. ನವೆಂಬರ್‌ನಲ್ಲಿ ಹೂವು, ಫೆಬ್ರುವರಿ-ಮಾರ್ಚ್‌ನಲ್ಲಿ ಹಣ್ಣು.

ಅಂದರೆ ಇಲ್ಲಿ ಬಳ್ಳಿಯ ವರ್ಷ ಎಂದು ಶುರುವಾಗಬೇಕು ಅನ್ನುವುದನ್ನು ಚಾಟ್ನಿ ಕತ್ತರಿ ಹಿಡಿದವರು ತೀರ್ಮಾನಿಸುತ್ತಾರೆ. ಇದು ಬೋರ್ಡೋದವರಿಗೆ ಇಲ್ಲದ ಅನುಕೂಲ. ಡಿಸೆಂಬರ್-ಜನವರಿ ಹೊತ್ತಿಗೆ ಕೊಪ್ಪಳದಲ್ಲಿ ಬೆಳಗಿನ ಜಾವ ಕಂಬಳಿ ಬೇಕಾಗುತ್ತದೆ. ಮಾರ್ಚ್ ನಡುವಿನ ಹೊತ್ತಿಗೆ ರಾತ್ರಿಯೂ ಫ್ಯಾನ್ ಬೇಕು. ಹಣ್ಣಿನ ಕೊನೆಯ ನಾಲ್ಕು ವಾರ ಆ ಕಂಬಳಿಯ ದಿನಗಳಲ್ಲಿ ಬಿದ್ದರೆ ಹುಳಿ ಉಳಿಯುತ್ತದೆ. ಫ್ಯಾನಿನ ದಿನಗಳಲ್ಲಿ ಬಿದ್ದರೆ ಹೋಯಿತು. ಬೇಗ ಚಾಟ್ನಿ ಮಾಡಿದರೆ ಆಯಿತಲ್ಲ ಅನ್ನಬಹುದು. ಆದರೆ ಸೆಪ್ಟೆಂಬರ್ ಮಳೆ ಇನ್ನೂ ಬಿಟ್ಟಿರುವುದಿಲ್ಲ. ಎಳೆ ಚಿಗುರು, ಹೂವಿನ ಮೇಲೆ ಮಳೆ ಬಿದ್ದರೆ ಡೌನಿ ರೋಗ ತೋಟವನ್ನೇ ತಿನ್ನುತ್ತದೆ. ಒಂದು ಕಡೆ ಡೌನಿ, ಇನ್ನೊಂದು ಕಡೆ ಮಾರ್ಚ್ ಸೆಕೆ, ನಡುವೆ ಸಿಗುವುದು ಸಣ್ಣ ಸಂದಿ. ಬೇಗ ಮಾಗುವ ತಳಿ ಆ ಸಂದಿಯಲ್ಲಿ ಆರಾಮಾಗಿ ಹಿಡಿಸುತ್ತದೆ. ತಡವಾಗಿ ಮಾಗುವ ಕ್ಯಾಬರ್ನೆಗೆ ಇಕ್ಕಟ್ಟು.

ಇಕ್ಕಟ್ಟು ಅಂದೆ, ಆಗುವುದೇ ಇಲ್ಲ ಅನ್ನಲಿಲ್ಲ. ಹಂಪಿ ಹಿಲ್ಸ್ ಹೆಸರು ಹೊತ್ತು ಕ್ರಿಸ್ಮಾ ಎಸ್ಟೇಟ್ಸ್‌ನವರ ಕ್ಯಾಬರ್ನೆ ಸೊವಿನ್ಯಾನ್, ಸಾಂಜಿಯೋವೇಸೆ ಬಾಟಲಿಗಳು ಬಂದಿವೆ. ಬಂಡೆ, ಗರಸು, ಮಸಾರಿಯ ಈ ಸೀಮೆಯಿಂದಲೇ. ವರ್ಷಕ್ಕೆ 600 ಮಿ.ಮೀ. ಆಸುಪಾಸಿನ ಮಳೆ, ಒಣ ಹವೆ, ನೀರು ಬಸಿದು ಹೋಗುವ ತೆಳು ಮಣ್ಣು: ಜೋಳಕ್ಕೆ ಬೈಗುಳವಾದದ್ದು ವೈನ್ ಬಳ್ಳಿಗೆ ಗುಣವೇ. ಬಳ್ಳಿ ಸೊಕ್ಕುವುದಿಲ್ಲ, ಕಾಳು ಸಣ್ಣದಾಗುತ್ತದೆ, ಡ್ರಿಪ್ ಬಿಗಿ ಹಿಡಿದು ಎಷ್ಟು ಬೇಕೋ ಅಷ್ಟೇ ನೀರು ಕೊಡಬಹುದು. ಸಿಂಧನೂರು, ಗಂಗಾವತಿಯ ಕಾಲುವೆ ಕೆಳಗಿನ ಎರೆ ಭತ್ತಕ್ಕೆ ಬಂಗಾರ, ವೈನ್ ದ್ರಾಕ್ಷಿಗೆ ಅಲ್ಲ. ಅಲ್ಲಿ ಬಳ್ಳಿ ಬರೀ ಎಲೆ ಬಿಡುತ್ತದೆ.

ಎತ್ತರವೂ ಲೆಕ್ಕಕ್ಕೆ ಬರುತ್ತದೆ. ನಂದಿ ಕಡೆಯ ತೋಟಗಳು ಸುಮಾರು 900 ಮೀಟರ್ ಮೇಲಿವೆ, ನಾಶಿಕ 600ರ ಆಸುಪಾಸು. ಕೊಪ್ಪಳ 500ರ ಮೇಲೆ, ರಾಯಚೂರು ಸುಮಾರು 400. ಕೊಪ್ಪಳ, ರಾಯಚೂರಿನಲ್ಲಿ ಒಂದನ್ನು ಆರಿಸು ಅಂದರೆ ನಾನು ಕೊಪ್ಪಳದ ದಿನ್ನೆ ಹೊಲಗಳನ್ನೇ ಆರಿಸುತ್ತೇನೆ. ತಳಿಯಲ್ಲಿ ಶೆನಿನ್ ಬ್ಲಾಂ, ಶಿರಾಜ್, ಟೆಂಪ್ರಾನಿಯೋ ಮೊದಲು, ಕ್ಯಾಬರ್ನೆ ಆಮೇಲೆ. ಪಿನೋ ನುವಾರ್ ಸುದ್ದಿಯೇ ಬೇಡ.

ಬೇರಿನ ವಿಷಯ ಬೇರೆಯೇ ಇದೆ. ತಳಿ ಅನ್ನುವುದು ಮೇಲಿನ ಭಾಗ ಮಾತ್ರ. 1860ರ ದಶಕದಲ್ಲಿ ಅಮೆರಿಕದಿಂದ ಬಂದ ಫಿಲೊಕ್ಸೆರಾ ಎಂಬ ಸಣ್ಣ ಹುಳ ಫ್ರಾನ್ಸಿನ ಬಳ್ಳಿಗಳ ಬೇರು ತಿಂದು ತೋಟಗಳನ್ನು ನೆಲಸಮ ಮಾಡಿತು. ಔಷಧಿ ಸಿಗಲಿಲ್ಲ. ಅಮೆರಿಕದ ಕಾಡು ಬಳ್ಳಿಯ ಬೇರಿಗೆ ಆ ಹುಳ ತಡೆಯುವ ಶಕ್ತಿ ಇತ್ತು. ಅದರ ಮೇಲೆ ಫ್ರೆಂಚ್ ತಳಿ ಕಸಿ ಕಟ್ಟಿದರು. ಇವತ್ತಿಗೂ ಬೋರ್ಡೋದ ಹೆಚ್ಚಿನ ಬಳ್ಳಿಗಳ ಕಾಲು ಅಮೆರಿಕದ್ದೇ. ನಮ್ಮಲ್ಲಿ ಕಸಿ ಕಟ್ಟುವುದಕ್ಕೆ ಮುಖ್ಯ ಕಾರಣ ಹುಳ ಅಲ್ಲ, ಉಪ್ಪು ಮತ್ತು ಬರ. ಕೊಳವೆಬಾವಿಯ ಸವುಳು ನೀರಿಗೆ ತಡೆದುಕೊಳ್ಳುವ ಡಾಗ್‌ರಿಡ್ಜ್ ಬೇರು ರೈತರಿಗೆ ಗೊತ್ತಿರುವ ಹೆಸರು. ಆದರೆ ಡಾಗ್‌ರಿಡ್ಜ್ ಬಳ್ಳಿಗೆ ಸೊಕ್ಕು ಕೊಡುತ್ತದೆ. ತಿನ್ನುವ ದ್ರಾಕ್ಷಿಗೆ ಅದು ಒಳ್ಳೆಯದು, ವೈನಿಗೆ ಜಾಸ್ತಿಯಾಯಿತು. ಹಾಗಾಗಿ ವೈನ್ ತೋಟಗಳಲ್ಲಿ 110ಆರ್ ಬೇರು ಹಾಕುವುದುಂಟು. ಚಪ್ಪರದ ಬದಲು ಬೇಲಿಯ ಹಾಗೆ ತಂತಿ ಸಾಲಿನಲ್ಲಿ ಬಳ್ಳಿಯನ್ನು ನೆಟ್ಟಗೆ ಕಟ್ಟುವುದೂ ಇದೇ ಕಾರಣಕ್ಕೆ. ಗೊನೆಗೆ ಗಾಳಿ ಆಡುತ್ತದೆ, ಬೂದಿ ರೋಗ ಕಡಿಮೆ.

ಬೆಂಗಳೂರು ಬ್ಲೂ ಎಲ್ಲಿ ನಿಲ್ಲುತ್ತದೆ ಅಂತ ಕೇಳಬಹುದು. ಕರ್ನಾಟಕದ ಅಗ್ಗದ ಸಿಹಿ ವೈನ್ ಬಹುಪಾಲು ಅದರಿಂದಲೇ. ಅದರ ಮೈಯಲ್ಲಿ ಅಮೆರಿಕದ ಲಾಬ್ರುಸ್ಕಾ ಬಳ್ಳಿಯ ರಕ್ತ ಇದೆ, ಅದಕ್ಕೇ ಆ ಗಾಢ ವಾಸನೆ. ಜ್ಯೂಸಿಗೆ ಸೊಗಸು. ಸಿಹಿ ಉಳಿಸದ ಒಣ (ಡ್ರೈ) ವೈನಿನಲ್ಲಿ ಆ ವಾಸನೆ ಹಲವರಿಗೆ ಹಿಡಿಸುವುದಿಲ್ಲ.

ಬಾಟಲಿ ಕೈಗೆ ಬಂದಾಗ ಗೊಂದಲವಾಗುವುದು ಲೇಬಲ್‌ನಿಂದ. ಭಾರತ, ಆಸ್ಟ್ರೇಲಿಯಾ, ಚಿಲಿಯವರು ತಳಿಯ ಹೆಸರು ಬರೆಯುತ್ತಾರೆ. ಫ್ರಾನ್ಸ್, ಇಟಲಿಯವರು ಹೆಚ್ಚಾಗಿ ಊರಿನ ಹೆಸರು ಬರೆದು ಸುಮ್ಮನಾಗುತ್ತಾರೆ. ಶಾಬ್ಲಿ ಅಂದರೆ ಶಾರ್ಡನೆ, ಕಿಯಾಂಟಿ ಅಂದರೆ ಮುಖ್ಯವಾಗಿ ಸಾಂಜಿಯೋವೇಸೆ, ಬರೋಲೋ ಅಂದರೆ ನೆಬಿಯೋಲೋ ಅಂತ ನಾವೇ ತಿಳಿದುಕೊಂಡಿರಬೇಕು. ಆ ಊರಿನಲ್ಲಿ ಯಾವ ತಳಿ ಹಾಕಬಹುದು ಅನ್ನುವುದು ಅಲ್ಲಿ ಕಾನೂನು.

ಆ ಕಾನೂನೂ ಈಗ ಅಲುಗಾಡುತ್ತಿದೆ. ಬೇಸಿಗೆಗಳು ಬಿಸಿಯಾಗುತ್ತಿವೆ, ಮೆರ್ಲೋ ಬೇಗ ಮಾಗಿ ಸಕ್ಕರೆ ಏರುತ್ತಿದೆ. 2021ರಲ್ಲಿ ಬೋರ್ಡೋದಲ್ಲಿ ಹೊಸದಾಗಿ ಆರು ತಳಿಗಳಿಗೆ ಅನುಮತಿ ಸಿಕ್ಕಿತು. ಅದರಲ್ಲಿ ಪೋರ್ಚುಗಲ್ಲಿನ ಬಿಸಿಲು ತಿಂದು ಬೆಳೆದ ಟೂರಿಗಾ ನಾಸಿಯೋನಾಲ್ ಕೂಡ ಒಂದು. ಸೆಕೆಯಲ್ಲಿ ಹುಳಿ ಉಳಿಸುವುದು ಹೇಗೆ ಅಂತ ಅವರೂ ಲೆಕ್ಕ ಹಾಕಲು ಕೂತಿದ್ದಾರೆ.

ಇಷ್ಟೆಲ್ಲ ಓದಿ ಯಾರಾದರೂ ಎರಡು ಎಕರೆ ವೈನ್ ದ್ರಾಕ್ಷಿ ಹಾಕೋಣ ಅಂತ ಹೊರಟರೆ, ಸಸಿಗೆ ಮೊದಲು ಗಿರಾಕಿಯನ್ನು ನೋಡಿಕೊಳ್ಳಬೇಕು. ಥಾಮ್ಸನ್ ರೇಟು ಬಿದ್ದರೆ ಒಣದ್ರಾಕ್ಷಿ ಮಾಡಬಹುದು, ಸಂತೆಯಲ್ಲಿ ಬುಟ್ಟಿ ಇಟ್ಟು ಮಾರಬಹುದು. ಶಿರಾಜ್‌ಗೆ ಆ ದಾರಿಗಳಿಲ್ಲ. ಬೀಜ, ದಪ್ಪ ಸಿಪ್ಪೆಯ ಸಣ್ಣ ಕಾಳನ್ನು ಬಜಾರಿನಲ್ಲಿ ಕೇಳುವವರಿಲ್ಲ. ರಾಜ್ಯ ಸರ್ಕಾರ 2007ರಲ್ಲೇ ವೈನ್ ನೀತಿ ತಂದಿದೆ, ಮಂಡಳಿ ಇದೆ. ಆದರೂ ಹಣ್ಣು ಕೊಳ್ಳುವುದು ವೈನರಿಯೇ, ಅದೂ ತನಗೆ ಬೇಕಾದ ತಳಿಯನ್ನು, ತಾನು ಹೇಳಿದ ಬ್ರಿಕ್ಸ್ ಬಂದ ದಿನ. ಕೊಯ್ದ ಹಣ್ಣು ಬಿಸಿಲಿಗೆ ನಿಂತರೆ ಕೆಡುತ್ತದೆ, ಬೆಳಗಾಗುವ ಮೊದಲೇ ಕೊಯ್ದು ಕ್ರೇಟ್ ತುಂಬಿ ಕಳಿಸಬೇಕು. ಕೊಪ್ಪಳದಿಂದ ವೈನರಿ ಎಷ್ಟು ದೂರ, ಲಾರಿ ಬಾಡಿಗೆ ಯಾರದು, ಬ್ರಿಕ್ಸ್ 22ಕ್ಕೆ ನಿಂತರೆ ರೇಟು ಎಷ್ಟು ಇಳಿಯುತ್ತದೆ, ಮಳೆ ಬಂದು ಕಾಳು ಒಡೆದರೆ ತೆಗೆದುಕೊಳ್ಳುತ್ತಾರೋ ಇಲ್ಲವೋ: ಇದೆಲ್ಲ ಕಾಗದದ ಮೇಲೆ ಬರೆಸಿಕೊಂಡು, ಆಮೇಲೆ ಗುಂಡಿ ತೋಡಿಸಬೇಕು.